ಸಾವಿರ ಜನರ ಹುಲ್ಲುಗಾವಲು

ನಮಸ್ಕಾರ ಕೇಳುಗರೇ. ಇವತ್ತು ಸ್ಕಾಟ್ಲೆಂಡಿನ ಫಿಲಾಸಫರ್ ಡೇವಿಡ್ ಹ್ಯೂಮ್ ಬಗ್ಗೆ ಮಾತಾಡ್ತೀನಿ. ಫಿಲಾಸಫಿ ಅಂದ ತಕ್ಷಣ ರೇಡಿಯೋ ಆಫ್ ಮಾಡ್ಬೇಡಿ, ಈ ಪುಣ್ಯಾತ್ಮ ಸರ್ಕಾರ ಯಾಕೆ ಬೇಕು ಅಂತ ಹೇಳೋಕೆ ಒಂದು ಹುಲ್ಲುಗಾವಲು ತಗೊಂಡು ಬರ್ತಾನೆ.

ಅಕ್ಕಪಕ್ಕದ ಇಬ್ಬರಿಗೆ ಸೇರಿದ ಜಾಗ, ನೀರು ನಿಂತಿದೆ. ಇಬ್ಬರೇ ಇದ್ರೆ ಕಾಲುವೆ ತೋಡಿ ನೀರು ಬಿಟ್ಟುಬಿಡ್ತಾರೆ, ಯಾಕಂದ್ರೆ ಒಬ್ಬ ಕೈಕೊಟ್ರೂ ಕೆಲಸ ಕೆಡುತ್ತೆ ಅಂತ ಇಬ್ಬರಿಗೂ ಗೊತ್ತು. ಅದೇ ಜಾಗ ಸಾವಿರ ಜನಕ್ಕೆ ಸೇರಿದ್ರೆ? ಬೇರೆಯವರು ಮಾಡ್ಲಿ ಬಿಡು ಅಂತ ಒಬ್ಬೊಬ್ಬನೂ ಜಾರ್ಕೊಳ್ತಾನೆ, ನೀರು ನಿಂತಲ್ಲೇ ನಿಂತಿರುತ್ತೆ. ಜನ ಕೆಟ್ಟವರು ಅಂತಲ್ಲ, ಇವತ್ತಿನ ಚಿಲ್ಲರೆ ಲಾಭ ಕಣ್ಮುಂದೆ ದೊಡ್ಡದಾಗಿ ನಿಲ್ಲುತ್ತೆ, ನಾಳೆಯ ದೊಡ್ಡ ಲಾಭ ದೂರದಲ್ಲಿ ಸಣ್ಣದಾಗಿ ಕಾಣುತ್ತೆ, ಅಷ್ಟೇ. ಆಳೋರಿಗೂ ಇದೇ ಕಾಯಿಲೆ ಇದೆ, ಆದ್ರೆ ಎಲ್ಲರ ಹಿತ ಕಾಯೋದೇ ಅವರ ಸ್ವಂತ ಲಾಭ ಆಗೋ ಹಾಗೆ ಕೂರಿಸಿದೀವಲ್ಲ, ಸೇತುವೆ, ಬಂದರು ಎಲ್ಲ ಆಗೋದು ಅದರಿಂದ್ಲೇ ಅಂತಾನೆ. (ಆ ಕೂರಿಸೋದು ಸರಿಯಾಗಿ ನಡೀದೇ ಇದ್ರೆ ಏನು ಅಂತ ನೀವು ಕೇಳ್ಬಹುದು, ಕೇಳಿ!)

ಇದಿರೋದು 1739-40ರಲ್ಲಿ ಬಂದ ಮನುಷ್ಯ ಸ್ವಭಾವದ ಮೇಲಿನ ಪುಸ್ತಕದಲ್ಲಿ. ಆಗ ಅವನಿಗೆ ಮೂವತ್ತೂ ತುಂಬಿರ್ಲಿಲ್ಲ. ಆ ಪುಸ್ತಕ ಪ್ರೆಸ್ಸಿಂದ ಸತ್ತೇ ಹುಟ್ಟಿತು, ಅಂದ್ರೆ ಯಾರೂ ಗಮನಿಸ್ಲೇ ಇಲ್ಲ, ಅಂತ ಆಮೇಲೆ ತಾನೇ ಬರ್ಕೊಂಡ. 1741ರ ಒಂದು ಪ್ರಬಂಧದಲ್ಲಿ ಇನ್ನೊಂದು ಮಾತಿದೆ, ಬಲ ಯಾವಾಗಲೂ ಆಳಿಸಿಕೊಳ್ಳೋರ ಕಡೆಗೇ ಇರೋದು, ಆದ್ರೂ ಕೆಲವೇ ಜನ ಅಷ್ಟೊಂದು ಜನರನ್ನ ಸಲೀಸಾಗಿ ಆಳ್ತಾರಲ್ಲ, ಅದು ನಡೆಯೋದು ಜನರ ಅಭಿಪ್ರಾಯದ ಮೇಲೆ, ಸರ್ವಾಧಿಕಾರಿಗೂ ಅದೇ ಆಧಾರ.

ದೇವರ ವಿಷಯಕ್ಕೆ ಬಂದ್ರೆ, 1757ರಲ್ಲಿ ಬರೆದ, ಜನ ಮೊದಲು ದೇವರ ಕಡೆ ತಿರುಗಿದ್ದು ತರ್ಕ ಮಾಡಿ ಅಲ್ಲ, ನಾಳೆ ಏನಾಗುತ್ತೋ ಅನ್ನೋ ಭಯ ಮತ್ತು ಆಸೆಯಿಂದ ಅಂತ. ಜೂಜುಕೋರರು, ನಾವಿಕರು ಹೆಚ್ಚು ಮೂಢನಂಬಿಕೆಯವರಾಗಿರೋದು ಅದಕ್ಕೇ ಅಂತೆ. ಇಂಥ ಯೋಚನೆಗಳಿಗೆ ಅದಕ್ಕೂ ಮುಂಚೆಯೇ ಬೆಲೆ ತೆತ್ತಿದ್ದೂ ಉಂಟು, 1745ರಲ್ಲಿ ಎಡಿನ್‌ಬರೋ ಯೂನಿವರ್ಸಿಟಿಯ ಪ್ರೊಫೆಸರ್ ಕೆಲಸ ಕೈತಪ್ಪಿತು. ಧರ್ಮದ ಬಗ್ಗೆ ಬರೆದ ಸಂವಾದಗಳನ್ನಂತೂ ಬದುಕಿರೋವಾಗ ಪ್ರಿಂಟ್ ಮಾಡಿಸ್ಲೇ ಇಲ್ಲ, ಅವು ಬಂದಿದ್ದು 1779ರಲ್ಲಿ.

ಅವನು ತೀರ್ಕೊಂಡಿದ್ದು 1776ರ ಆಗಸ್ಟಲ್ಲಿ. ಅದಕ್ಕೆ ಮುಂಚೆ ಜುಲೈನಲ್ಲಿ ಜೇಮ್ಸ್ ಬಾಸ್ವೆಲ್ ಅನ್ನೋ ಲೇಖಕ ಹ್ಯೂಮ್‌ನ ಮನೆಗೆ ಹೋಗಿ, ಸತ್ತ ಮೇಲೂ ಏನೋ ಇರ್ಬಹುದಲ್ವಾ ಅಂತ ಕೇಳಿದ. ಹಾಗೆ ನೋಡಿದ್ರೆ ಬೆಂಕಿಗೆ ಹಾಕಿದ ಕಲ್ಲಿದ್ದಲು ಉರೀದೇ ಇರೋದೂ ಸಾಧ್ಯ ಇದೆ ಅಂತ ಹ್ಯೂಮ್ ಅಂದ, ಅಂದ್ರೆ ಅದು ನಂಬೋ ಮಾತಲ್ಲ ಅಂತ. ಸಾಯೋನು ಆರಾಮಾಗಿ ಮಾತಾಡ್ತಾ ಕೂತಿದ್ದ, ನೋಡೋಕೆ ಹೋದವನು ಮನಸ್ಸು ಕಲಕಿಕೊಂಡು ಎದ್ದು ಬಂದ.