ಮೂರು ಇಸವಿ, ಒಂದು ಪಹಣಿ

ಮೇಷ್ಟ್ರುಗಳಿಗೆ, ಟೀಚರುಗಳಿಗೆ, ಬಿ.ಎಡ್. ಓದುತ್ತಿರುವ ಗೆಳೆಯರಿಗೆ ನಮಸ್ಕಾರ.

ವಲಸೆ ಅನ್ನುವ ಪಾಠ ಬಂದಾಗ ನಮ್ಮ ಹೈಸ್ಕೂಲು ಮಕ್ಕಳು ಅದನ್ನು ದೂರದ ವಿಷಯ ಅಂದುಕೊಳ್ಳುತ್ತಾರೆ. ಅವರ ಪಾಲಿಗೆ ವಲಸೆ ಅಂದರೆ ಮಧ್ಯ ಏಷ್ಯಾ, ಇಲ್ಲವೇ ದೇಶ ವಿಭಜನೆ. ಆದರೆ ಅದೇ ಕ್ಲಾಸಿನಲ್ಲಿ ಶರಾವತಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿಸಿಕೊಂಡ ಮುಳುಗಡೆಯವರ ಮೊಮ್ಮಗಳು ಕೂತಿರುತ್ತಾಳೆ. ಭದ್ರಾವತಿಯಾದರೆ, ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತಮಿಳುನಾಡಿನ ಕಡೆಯಿಂದ ಬಂದವರ ಮರಿಮಗ ಇರುತ್ತಾನೆ. ಮಲೆನಾಡಿನಲ್ಲಿ ‘ನಾವು ಮೊದಲಿಂದ ಇಲ್ಲೇ ಇದ್ದವರು’ ಅನ್ನುವ ಮನೆಯಲ್ಲೂ ಒಂದು ಹಳೆಯ ಊರಿನ ಹೆಸರು ಇದ್ದೇ ಇರುತ್ತದೆ. ಮನೆದೇವರು ಎಲ್ಲಿ ಅಂತ ಕೇಳಿ ನೋಡಿ, ಗೊತ್ತಾಗುತ್ತದೆ.

ಹಾಗಾಗಿ ಯಾರು ಮೂಲದವರು, ಯಾರು ಬಂದವರು ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಯಾರಿಗೆ ಜಮೀನಿನ ಕಾಗದ ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾಕೆ? ಇದನ್ನು ಕೇಳಿಸಿ.

ಬೋರ್ಡಿನ ಮೇಲೆ ಮೂರು ಇಸವಿ ಬರೆಯಿರಿ: 1951, 1964, 1974. ಮೊದಲನೆಯದು ಕಾಗೋಡು. ಸಾಗರದ ಹತ್ತಿರದ ಆ ಊರಿನಲ್ಲಿ ಜಮೀನಿನ ಒಡೆಯರು ಗೇಣಿ ಭತ್ತ ಅಳೆಯಲು ದೊಡ್ಡ ಕೊಳಗ ಬಳಸುತ್ತಿದ್ದರು. ದೀವರ ಸಮುದಾಯದ ಗೇಣಿದಾರರು ಅದನ್ನು ಒಪ್ಪದೆ ಗದ್ದೆಗಿಳಿದು ಸತ್ಯಾಗ್ರಹ ಮಾಡಿದರು. ಎಚ್. ಗಣಪತಿಯಪ್ಪ ಮುಂದೆ ನಿಂತಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಎರಡನೆಯದು ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ. ಮೂರನೆಯದು ದೇವರಾಜ ಅರಸರ ಕಾಲದಲ್ಲಿ, ಉಳುವವನೇ ಭೂಮಿಯ ಒಡೆಯ ಅಂತ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದ ವರ್ಷ.

ಈಗ ಮಕ್ಕಳಿಗೆ ಒಂದೇ ಪ್ರಶ್ನೆ. ಶರಾವತಿ ಕಣಿವೆಯಲ್ಲಿ ಗೇಣಿ ಗದ್ದೆ ಮಾಡುತ್ತಿದ್ದವನಿಗೆ 1974ರ ಕಾನೂನಿನಿಂದ ಏನು ಸಿಕ್ಕಿತು? ಸ್ವಲ್ಪ ಹೊತ್ತು ಬಿಡಿ, ಅವರೇ ಲೆಕ್ಕ ಹಾಕುತ್ತಾರೆ. ಕಾನೂನು ಬರುವ ಹೊತ್ತಿಗೆ ಅವನು ಉತ್ತ ಗದ್ದೆ ಹತ್ತು ವರ್ಷದಿಂದ ನೀರಿನಡಿ ಇತ್ತು. ಮುಳುಗುವಾಗ ಪಹಣಿಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಮಾಲೀಕ ಅಂತ ಇದ್ದದ್ದು ಒಡೆಯನ ಹೆಸರು. ಪಕ್ಕದ ಊರಿನಲ್ಲಿ ಮುಳುಗದೆ ಉಳಿದ ಗೇಣಿದಾರ ಈ ಗದ್ದೆ ಉಳುವವನು ನಾನೇ ಅಂತ ಡಿಕ್ಲರೇಷನ್ ಅರ್ಜಿ ಹಾಕಿ ಮಾಲೀಕನಾದ. ಇವನು ಸಾಮಾನು ಕಟ್ಟಿಕೊಂಡು ಕಾಡಿನಂಚಿಗೆ ಹೋಗಿ ಮತ್ತೆ ಕಡಿದು, ಅಗೆದು, ಸಾಗುವಳಿ ಶುರು ಮಾಡಿದ. ಆಮೇಲೆ 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕಾಡಿನ ಜಾಗ ಬಿಟ್ಟುಕೊಡಬೇಕಾದರೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಮನೆ ಕಾಯ್ದೆಗಿಂತ ಹಳೆಯದು, ಆದರೂ ಹಕ್ಕುಪತ್ರ ಇಲ್ಲ. ರಾಜ್ಯಕ್ಕೆಲ್ಲ ಕರೆಂಟು ಕೊಟ್ಟ ಜನ ಇವತ್ತಿಗೂ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ.

ಒಂದು ತೊಡಕಿದೆ. ಒಡೆಯನ ಮೊಮ್ಮಗ, ಗೇಣಿದಾರನ ಮೊಮ್ಮಗಳು ಒಂದೇ ಬೆಂಚಿನಲ್ಲಿರಬಹುದು. ನಿನ್ನ ಅಜ್ಜ ಏನು ಮಾಡಿದ ಅಂತ ಯಾರನ್ನೂ ಎದ್ದು ನಿಲ್ಲಿಸಬೇಡಿ. ಜಾತಿಯನ್ನಂತೂ ಕ್ಲಾಸಿನಲ್ಲಿ ಕೇಳಲೇಬೇಡಿ. ಇಬ್ಬರ ಕೈಗೂ ಒಂದೇ ಹಳೆಯ ಪಹಣಿಯ ನಕಲು ಕೊಡಿ. ಮಾಲೀಕನ ಕಾಲಂನಲ್ಲಿ ಯಾರು, ಸಾಗುವಳಿದಾರನ ಕಾಲಂನಲ್ಲಿ ಯಾರು, ಹೆಂಗಸರ ಹೆಸರು ಎಲ್ಲಾದರೂ ಇದೆಯಾ? ಕಾಗದದಲ್ಲಿ ಇಲ್ಲದ್ದನ್ನು ಮನೆಯ ಅಜ್ಜಿಯ ಹತ್ತಿರ ಕೇಳಿಕೊಂಡು ಬರಲಿ. ಅಜ್ಜಿ ಹೇಳಿದ್ದೂ ಕಾಗದ ಹೇಳಿದ್ದೂ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು, ಇತಿಹಾಸದ ಕೆಲಸ ಶುರುವಾಗುವುದೇ ಅಲ್ಲಿ. ಹೇಳಲು ಮನಸ್ಸಿಲ್ಲದ ಮಗುವನ್ನು ಅದರ ಪಾಡಿಗೆ ಬಿಡಿ.

ಇನ್ನು ಅಲೆಮಾರಿ ಬುಡಕಟ್ಟಾದ ಹಕ್ಕಿಪಿಕ್ಕಿ ಮಕ್ಕಳ ಮಾತಿಗೆ ಬರೋಣ. ಶಿವಮೊಗ್ಗದ ಹತ್ತಿರದ ಸದಾಶಿವಪುರದಂಥ ಕಡೆ ಅವರ ಮನೆಗಳಿವೆ. ಮನೆಯಲ್ಲಿ ವಾಗ್ರಿ ಮಾತು, ಶಾಲೆಯಲ್ಲಿ ಕನ್ನಡ. ಗಿಡಮೂಲಿಕೆ, ಎಣ್ಣೆ ಮಾರುತ್ತ ಅಪ್ಪ ಅಮ್ಮ ಆಫ್ರಿಕಾದವರೆಗೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಇವರಲ್ಲಿ ಕೆಲವರು ಅಲ್ಲಿ ಸಿಕ್ಕಿಬಿದ್ದಿದ್ದರು. ‘ಅಲ್ಲಿಗ್ಯಾಕೆ ಹೋಗಬೇಕಿತ್ತು?’ ಅಂದವರು ಇದ್ದರು. ಅಮೆರಿಕಕ್ಕೆ ಹೋದ ಎಂಜಿನಿಯರನ್ನು ಯಾರೂ ಹಾಗೆ ಕೇಳುವುದಿಲ್ಲ, ಅಲ್ವಾ?

ಅಮೆರಿಕ ಅಂದಾಗ ಇನ್ನೊಂದು ಇಸವಿ ಸೇರಿಸಿ: 1923. ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಮನುಷ್ಯ. ನೀನು ಬಿಳಿಯನಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹನಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಅಣ್ಣನೋ ಅತ್ತಿಗೆಯೋ ಅಮೆರಿಕದಲ್ಲಿರುವ ಮಗು ಇದನ್ನು ಕಿವಿಗೊಟ್ಟು ಕೇಳುತ್ತದೆ. ಆಗ ಕಾಫಿ ತೋಟದ ಕೂಲಿ ಲೈನಿನ ಮನೆಯಿಂದ ಶಾಲೆಗೆ ಬರುವ ಅಸ್ಸಾಮಿನ ಹುಡುಗನ ಮಾತು ತೆಗೆಯಿರಿ. ಅವನಿಗೆ ಕ್ಲಾಸಿನವರು ಏನಂತ ಅಡ್ಡಹೆಸರು ಇಟ್ಟಿದ್ದಾರೆ ಅಂತ ನಿಮಗೆ ಗೊತ್ತೇ ಇರುತ್ತದೆ.

ಕೊನೆಗೆ ಪ್ರವಾಸದ ವಿಷಯ. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ತುಂಬಾ ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಅಣೆಕಟ್ಟೇ ಅಣೆಕಟ್ಟಿನಲ್ಲಿ ಮುಳುಗಿದ ಜಾಗ ಅದು. ತೊಂದರೆ ಏನೆಂದರೆ, ನೀರು ಇಳಿಯುವ ಹೊತ್ತಿಗೆ ಶಾಲೆಗೆ ರಜೆ. ಹೋಗುವುದಾದರೆ ಪೋಷಕರ ಒಪ್ಪಿಗೆ ಮಾರ್ಚಿನಲ್ಲೇ ಬರೆಸಿಟ್ಟುಕೊಳ್ಳಿ. ಮುಳುಗಡೆ ಕಂಡ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಅವರೇ ಮಾತಾಡಲಿ, ನಾವು ಮೇಷ್ಟ್ರುಗಳು ಸ್ವಲ್ಪ ಸುಮ್ನೆ ಇರೋಣ.