ಯಾವುದರ ನೂರು ಗ್ರಾಂ?

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿನಲ್ಲಿ ನಿಮ್ಮಲ್ಲಿ ಅರ್ಧ ಜನ ಅಡುಗೆಮನೆಯಲ್ಲಿ ಇರುತ್ತೀರಿ ಅಂತ ನನ್ನ ಲೆಕ್ಕ. ಒಳ್ಳೆಯದೇ ಆಯ್ತು. ಇವತ್ತಿನ ಮಾತು ನಿಮಗೇ.

ಮೊಬೈಲಿನಲ್ಲಿ ಒಂದು ಚಿತ್ರ ಓಡಾಡುತ್ತಾ ಇದೆ, ನಿಮಗೂ ಬಂದಿರಬೇಕು. "ರಾಗಿಯಲ್ಲಿ ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ" ಅಂತ. ಸುಳ್ಳಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ, ನೂರು ಗ್ರಾಂ ಹಾಲಿನಲ್ಲಿ ಸುಮಾರು 120. ಆದರೆ ಹಾಲಿನಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ನೀರೇ, ಮತ್ತೆ ರಾಗಿ ಒಣ ಕಾಳು. ಒಣ ರಾಗಿಯನ್ನು ಯಾರೂ ಹಾಗೇ ಮುಕ್ಕುವುದಿಲ್ಲ. ಅಂಬಲಿ ಮಾಡುತ್ತೀರಿ, ಒಂದು ಲೋಟಕ್ಕೆ ಎರಡು ಚಮಚ ಹಿಟ್ಟು, ಉಳಿದದ್ದು ನೀರು. ಆ ಎರಡು ಚಮಚ ಎಷ್ಟು ಗ್ರಾಂ? ಈಗ ಹೇಳಿ, ಲೋಟ ಅಂಬಲಿ ಜಾಸ್ತಿನೋ, ಲೋಟ ಹಾಲು ಜಾಸ್ತಿನೋ? ನನ್ನ ಮಾತು ಇಷ್ಟೇ. ಅಂಕಿ ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದರ ನೂರು ಗ್ರಾಂ? ಹಸಿಯದೋ, ಬೇಯಿಸಿದ್ದೋ?

ಈ ಅಂಕಿಗಳು ಎಲ್ಲಿಂದ ಬರುತ್ತವೆ ಅಂತ ಬಹಳ ಜನರಿಗೆ ಗೊತ್ತೇ ಇಲ್ಲ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣೆ ಸಂಸ್ಥೆ ಇದೆ. ಎನ್‌ಐಎನ್ ಅಂತಾರೆ. ಅವರು 2017ರಲ್ಲಿ ಒಂದು ದಪ್ಪ ಪುಸ್ತಕ ತಂದರು. ನಮ್ಮ ದೇಶದ 528 ಆಹಾರ, ಅದರಲ್ಲಿ ಒಟ್ಟು 151 ಅಂಶಗಳ ಲೆಕ್ಕ. ದೇಶವನ್ನು ಆರು ಭಾಗ ಮಾಡಿ, ಎಲ್ಲಾ ಕಡೆಯಿಂದ ಕಾಳು, ಪಲ್ಲೆ, ಹಣ್ಣು, ಮೀನು ತರಿಸಿ ಪರೀಕ್ಷೆ ಮಾಡಿದರು. ಅದಕ್ಕೂ ಮೊದಲು ಇದೇ ಸಂಸ್ಥೆ ತಮಿಳುನಾಡಿನ ಕೂನೂರಿನಲ್ಲಿ ಇದ್ದಾಗ, 1937ರಲ್ಲೇ, ಅದರ ನಿರ್ದೇಶಕರಾಗಿದ್ದ ಐಕ್ರಾಯ್ಡ್ ಅನ್ನುವವರು ಮೊದಲ ಪಟ್ಟಿ ಪ್ರಕಟಿಸಿದ್ದರು. ನಿಮ್ಮ ಮೊಬೈಲ್ ಆ್ಯಪ್ ನಮ್ಮ ಕಡೆ ಊಟದ ಬಗ್ಗೆ ಸರಿಯಾದ ಮಾತು ಆಡಬೇಕು ಅಂದರೆ ಇಂಥ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು. ಬಹಳಷ್ಟು ಆ್ಯಪ್‌ಗಳು ಅಮೆರಿಕದ ಪಟ್ಟಿ ಇಟ್ಟುಕೊಂಡು ಕೂತಿರುತ್ತವೆ, ಅದು ಬೇರೆ ಮಾತು.

ಒಂದು ಪದಾರ್ಥಕ್ಕೆ ಎಷ್ಟು ಕೆಲಸ ಹಿಡಿಯುತ್ತೆ ಗೊತ್ತಾ? ಪುಂಡಿಪಲ್ಲೆ ತಂದರು ಅಂತ ಇಟ್ಟುಕೊಳ್ಳಿ. ಬೇರು, ದಂಟು ತೆಗೆದು, ತೊಳೆದು, ನೀರು ಒರೆಸಿ, ತಿನ್ನುವ ಎಲೆ ಮಾತ್ರ ತೂಗಬೇಕು. ಒಂದಿಷ್ಟು ಒಲೆಯಲ್ಲಿ ಒಣಗಿಸಿ ನೀರು ಎಷ್ಟಿತ್ತು ನೋಡಬೇಕು. ಸುಟ್ಟು ಬೂದಿ ಎಷ್ಟು ಉಳಿಯಿತು ನೋಡಬೇಕು. ಪ್ರೊಟೀನನ್ನು ನೇರ ಅಳೆಯುವುದಿಲ್ಲ, ಸಾರಜನಕ ಅಳೆದು ಸಾಮಾನ್ಯವಾಗಿ 6.25ರಿಂದ ಗುಣಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಬರೆಯುವುದು: ನೂರು ಗ್ರಾಂ, ತಿನ್ನುವ ಭಾಗ, ಬಹುತೇಕ ಹಸಿಯದ್ದು. ಈ ಮೂರು ಮಾತು ಪುಸ್ತಕದಲ್ಲಿ ಇದೆ. ಓದುವವರು ಇದನ್ನೇ ಬಿಟ್ಟು ಅಂಕಿ ಮಾತ್ರ ಎತ್ತಿಕೊಂಡು ಓಡುತ್ತಾರೆ.

ಓಡಿದರೆ ಏನಾಗುತ್ತೆ ಅಂತ ಒಂದು ಕತೆ ಹೇಳುತ್ತೇನೆ. ಧಾರವಾಡದ್ದೇ. ಹುಡುಗಿಯರ ಹಾಸ್ಟೆಲ್ ಒಂದು, ಯಾವುದು ಅಂತ ಕೇಳಬೇಡಿ. 120 ಹುಡುಗಿಯರು. ಊಟದ ಕೋಣೆಯ ಗೋಡೆ ಮೇಲೆ ದೊಡ್ಡ ಚಾರ್ಟು, ಬಣ್ಣದ ಕಾಗದಕ್ಕೆ ಲ್ಯಾಮಿನೇಷನ್ ಬೇರೆ. ಒಂದು ಹೊತ್ತಿನ ಊಟಕ್ಕೆ 1600 ಕ್ಯಾಲೊರಿ! ಹೊಲದಲ್ಲಿ ದುಡಿಯುವವರಿಗೂ ಒಂದೇ ಹೊತ್ತಿಗೆ ಅಷ್ಟು ಬೇಕಾಗಿಲ್ಲ. ಆದರೆ ಹುಡುಗಿಯರು ಸಂಜೆ ಆದರೆ ಸಾಕು, ಗೇಟಿನ ಹೊರಗೆ ಗಿರಮಿಟ್ ಮಿರ್ಚಿ ಗಾಡಿಗೆ ಮುಗಿಬೀಳುತ್ತಿದ್ದರು. "ಇಷ್ಟು ತಿಂದರೂ ಇವರಿಗೆ ಹಸಿವು ಹೆಂಗ್ರೀ, ಬಾಯಿಚಪಲ" ಅಂತ ಅಲ್ಲಿನ ಮೇಲ್ವಿಚಾರಕರ ಸಿಟ್ಟು. ನೋಡಿ ಹೇಳಿ ಅಂತ ನನ್ನನ್ನು ಕರೆದರು.

ಚಾರ್ಟು ಓದಿದೆ. ಅನ್ನ 250 ಗ್ರಾಂ, 890 ಕ್ಯಾಲೊರಿ. ರೊಟ್ಟಿ ಎರಡು, 120 ಗ್ರಾಂ, 400 ಕ್ಯಾಲೊರಿ. ಬೇಳೆ ಸಾರು ಒಂದು ಸೌಟು, 100 ಗ್ರಾಂ, 330 ಕ್ಯಾಲೊರಿ, ಪ್ರೊಟೀನ್ 22 ಗ್ರಾಂ. ಗುಣಾಕಾರ ಎಲ್ಲಾ ಸರಿ ಇತ್ತು. ಪಟ್ಟಿಯ ಅಂಕಿಯೂ ಸರಿ. ಅಕ್ಕಿಗೆ 356 ಅಂತ ಪುಸ್ತಕದಲ್ಲೇ ಇದೆ. ಆದರೆ ಅದು ಅಕ್ಕಿಗೆ! ಇವರು ತೂಗಿದ್ದು ತಾಟಿನಲ್ಲಿದ್ದ ಅನ್ನ.

ನಾನು ಬಾಯಿ ತೆಗೆಯೋಕ್ಕಿಂತ ಮುಂಚೆ ಅಡುಗೆ ಅಕ್ಕ ಒಬ್ಬರು, ಹಿಟ್ಟಿನ ಕೈಯಲ್ಲೇ ನಿಂತವರು, ಅಂದರು, "ಅನ್ನ ತೂಗಿದ್ರ ನೀರಿನ ತೂಕಾನೂ ಬರತೈತಲ್ಲರೀ. ಉಗ್ರಾಣದಿಂದ ಏನ್ ತಗದೇವಿ ಅನ್ನೂದು ನನ್ನ ಕೇಳ್ರಿ." ಆಹಾರ ಸಮೀಕ್ಷೆ ಮಾಡುವವರು ಮನೆಮನೆಗೆ ತಕ್ಕಡಿ ಹೊತ್ತು ಹೋಗಿ ಒಲೆಗೆ ಏರುವ ಮೊದಲೇ ಸಾಮಾನು ತೂಗುತ್ತಾರಲ್ಲ, ಅದೇ ಪದ್ಧತಿ. ಆಕೆಗೆ ಯಾರೂ ಕಲಿಸಿರಲಿಲ್ಲ.

ಕೇಳಿದೆವು. 120 ಜನಕ್ಕೆ ಅಕ್ಕಿ 10 ಕಿಲೋ. ಒಬ್ಬರಿಗೆ 83 ಗ್ರಾಂ, ಅಂದರೆ ಸುಮಾರು 300 ಕ್ಯಾಲೊರಿ. 890 ಎಲ್ಲಿ ಹೋಯ್ತು? ನೀರಿಗೆ ಹೋಯ್ತು. ಒಂದು ಕಿಲೋ ಜೋಳದ ಹಿಟ್ಟಿಗೆ 24 ರೊಟ್ಟಿ ಬಡಿಯುತ್ತಾರೆ. ಎರಡು ರೊಟ್ಟಿಗೆ ಹಿಟ್ಟು 83 ಗ್ರಾಂ, 280 ಕ್ಯಾಲೊರಿ ಆಗುತ್ತೆ. ಇನ್ನು ಸಾರು. ಇಡೀ ಕೊಪ್ಪರಿಗೆಗೆ ತೊಗರಿಬೇಳೆ ಒಂದೂವರೆ ಕಿಲೋ! ತಲೆಗೆ ಹನ್ನೆರಡೂವರೆ ಗ್ರಾಂ. ಪ್ರೊಟೀನ್ 22 ಗ್ರಾಂ ಅಂತ ಬರೆದಿದ್ದ ಜಾಗದಲ್ಲಿ ಮೂರು ಗ್ರಾಂ ಕೂಡ ಇಲ್ಲ. ಅದೇ ಸೌಟನ್ನು ಎತ್ತಿ ಹಿಡಿದು ನೋಡಿದೆ ನಾನು. ತಳದಲ್ಲಿ ಒಂದಿಷ್ಟು ಬೇಳೆ, ಮೇಲೆ ಅರಿಷಿಣದ ನೀರು, ಕರಿಬೇವು ತೇಲುತ್ತಿತ್ತು. ಎಲ್ಲಾ ಕೂಡಿಸಿದರೆ 620 ಆಸುಪಾಸು. ಸಾವಿರ ಕ್ಯಾಲೊರಿ ಕಾಗದದ ಮೇಲೆ ಇತ್ತು, ಹೊಟ್ಟೆಯಲ್ಲಿ ಇರಲಿಲ್ಲ. ಮತ್ತೆ ಆ ಹುಡುಗಿಯರಿಗೆ ಬಾಯಿಚಪಲ ಅಂತ ಹೆಸರು! ನನಗೆ ಇವತ್ತಿಗೂ ಸಿಟ್ಟು ಬರುತ್ತೆ.

ಮುಂದೆ ಬೇಳೆ ಹೆಚ್ಚಿಸಿದರು, ಮೊಳಕೆ ಹೆಸರು ಸೇರಿಸಿದರು. ಚಾರ್ಟಿನ ತಲೆಬರಹದಲ್ಲಿ "ಹಸಿ ಸಾಮಾನಿನ ತೂಕ" ಅಂತ ಬರೆಸಿಯೇ ನಾನು ಅಲ್ಲಿಂದ ಎದ್ದದ್ದು.

ಸರಿಯಾಗಿ ಮಾಡಿದ ಲೆಕ್ಕ ನೋಡಬೇಕಾ? ಶಾಲೆಯ ಬಿಸಿಯೂಟ ನೋಡಿ. ಒಂದರಿಂದ ಐದನೇ ತರಗತಿಯ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್ ಅಂತ ನಿಯಮ. ಅದಕ್ಕೆ ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಎಲ್ಲವೂ ಹಸಿ ತೂಕ. ಕೂಡಿಸಿ ನೋಡಿ: ಅಕ್ಕಿಯಿಂದ 356, ಬೇಳೆಯಿಂದ 66, ಎಣ್ಣೆಯಿಂದ 45. ತಾಳೆ ಆಯ್ತು. ಪ್ರೊಟೀನೂ ಅಕ್ಕಿಯಿಂದ ಸುಮಾರು 8, ಬೇಳೆಯಿಂದ 4ರ ಮೇಲೆ, ಹನ್ನೆರಡಕ್ಕೆ ಬಂದು ನಿಲ್ಲುತ್ತೆ. ಆದ್ದರಿಂದ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯ ಸದಸ್ಯರು ಯಾರಾದರೂ ಕೇಳುತ್ತಿದ್ದರೆ, ತಾಟು ನೋಡಿ ತಲೆ ಆಡಿಸಬೇಡಿ, ಉಗ್ರಾಣದ ಪುಸ್ತಕ ನೋಡಿ, ಅವತ್ತು ಬಂದ ಮಕ್ಕಳ ಸಂಖ್ಯೆಯಿಂದ ಭಾಗಿಸಿ. ಎರಡು ನಿಮಿಷದ ಕೆಲಸ.

ಅಯ್ಯೋ, ಹೊತ್ತು ಓಡ್ತಾ ಇದೆ, ಆಚೆಯಿಂದ ಕೈ ತೋರಿಸ್ತಿದ್ದಾರೆ. ಬಿಸ್ಕತ್ತು ಪೊಟ್ಟಣದ ಬಗ್ಗೆ ಹೇಳಬೇಕಿತ್ತು. ಹಿಂದಿನ ಪಟ್ಟಿಯಲ್ಲಿ ನೂರು ಗ್ರಾಂಗೆ ಇಷ್ಟು ಅಂತ ಇರುತ್ತೆ, ಪೊಟ್ಟಣದ ತೂಕ ಬೇರೆ ಇರುತ್ತೆ, ಎರಡೂ ಓದಿ, ಸಾಕು. ಬಾಳೆಹಣ್ಣಿನ ನೂರು ಗ್ರಾಂ ಅಂದರೆ ಸಿಪ್ಪೆ ಬಿಟ್ಟು ನೂರು ಗ್ರಾಂ. ಇನ್ನು ಜೋಳದಲ್ಲಿ ಪ್ರೊಟೀನ್ 10 ಗ್ರಾಂ ಅಂತ ಇದ್ದರೆ ಅದು ಸರಾಸರಿ. ನಮ್ಮ ಎರೆಹೊಲದ ಹಿಂಗಾರಿ ಬಿಳಿಜೋಳದಲ್ಲಿ ಒಂದು ಗ್ರಾಂ ಆಚೆ ಈಚೆ ಇರಬಹುದು, ತಳಿ, ಮಣ್ಣು, ಗೊಬ್ಬರದ ಮೇಲೆ ಹೋಗುತ್ತೆ. ಅದಕ್ಕಾಗಿ ಜಗಳ ಬೇಡ.

ಕೊನೆಯದು ಎಳ್ಳು. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರ ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ ಇದೆ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದೂ ಸಾವಿರವೇ. ಕೇಳಿ ಖುಷಿ ಆಯ್ತು ಅಲ್ವಾ? ಈಗ ನೀವೇ ಹೇಳಿ, ರೊಟ್ಟಿ ಜೊತೆ ಎಳ್ಳಿನ ಹಿಂಡಿ, ಅಂದರೆ ಚಟ್ನಿಪುಡಿ, ಎಷ್ಟು ಹಚ್ಚಿಕೊಳ್ಳುತ್ತೀರಿ? ಹತ್ತು ಗ್ರಾಂ. ಅಂದರೆ ನೂರು ಮಿಲಿಗ್ರಾಂ ಮೇಲೆ ಸ್ವಲ್ಪ. ಅದೇನೂ ಕಡಿಮೆ ಅಲ್ಲ, ದಿನಾ ಹಚ್ಚಿಕೊಳ್ಳಿ, ಜೊತೆಗೆ ಒಂದು ಬಟ್ಟಲು ಮೊಸರೂ ಇರಲಿ. ನಮಸ್ಕಾರ.