‘ಚೆಕ್’ ಎಂಬ ಮಾತಿನೊಳಗಿನ ರಾಜ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯ ಕನ್ನಡಿಗರು ದಿನಕ್ಕೆ ಎಷ್ಟು ಸಲ ‘ಚೆಕ್’ ಅನ್ನುತ್ತೇವೋ ಲೆಕ್ಕವಿಲ್ಲ. ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಟಿಸಿ ನಮ್ಮ ಪಾಸು ಚೆಕ್ ಮಾಡುತ್ತಾರೆ. ಸೊಸೈಟಿಯ ಮೇಂಟೆನೆನ್ಸಿಗೆ ಚೆಕ್ ಕೊಡುತ್ತೇವೆ. ಹಬ್ಬಕ್ಕೆ ಚೆಕ್ಸ್ ಶರ್ಟು ಕೊಳ್ಳುತ್ತೇವೆ. ಊರಿನ ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಿದ ಸುದ್ದಿ ಫೋನಿನಲ್ಲಿ ಬರುತ್ತದೆ. ಪಾಸು, ಹಣ, ಬಟ್ಟೆ, ಕಟ್ಟೆ: ಒಂದಕ್ಕೊಂದು ನಂಟೇ ಇಲ್ಲದಂತೆ ಕಾಣುತ್ತವೆ. ಆದರೆ ನಾಲ್ಕರಲ್ಲೂ ಇರುವ ‘ಚೆಕ್’ ಹುಟ್ಟಿದ್ದು ಒಬ್ಬನೇ ರಾಜನಿಂದ, ಚದುರಂಗದ ಮಣೆಯ ಮೇಲಿನ ರಾಜನಿಂದ.

ಚದುರಂಗ ನಮ್ಮ ದೇಶದಿಂದ ಪರ್ಶಿಯಾಕ್ಕೆ ಹೋಯಿತು. ಅಲ್ಲಿ ರಾಜನಿಗೆ ‘ಶಾಹ್’ ಎನ್ನುತ್ತಾರೆ. ಎದುರಾಳಿಯ ರಾಜನ ಮೇಲೆ ಕಾಯಿ ಏರಿಹೋದಾಗ ‘ಶಾಹ್!’ ಎಂದು ಎಚ್ಚರಿಸುವುದು ರೂಢಿ. ಅರಬರ ಮೂಲಕ ಆಟ ಯುರೋಪು ಸೇರಿದಾಗ ಆ ಕೂಗೂ ಜೊತೆಗೇ ಹೋಯಿತು. ಲ್ಯಾಟಿನ್ನಿನಲ್ಲಿ ಅದು ‘ಸ್ಕಾಕಸ್’, ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕ್’, ಇಂಗ್ಲಿಷಿನಲ್ಲಿ ‘ಚೆಕ್’. ಆ ಫ್ರೆಂಚ್ ಪದದ ಬಹುವಚನವೇ ಸವೆದು ‘ಚೆಸ್’ ಆಯಿತು. ರಾಜನಿಗೆ ಇನ್ನು ದಾರಿಯಿಲ್ಲ ಎನ್ನುವ ‘ಶಾಹ್ ಮಾತ್’ ಎಂಬುದು ‘ಚೆಕ್‌ಮೇಟ್’ ಆಯಿತು.

ಇದಕ್ಕೆ ಸಾಕ್ಷಿ ಮುಂಬಯಿ, ಪುಣೆಯವರ ಕಿವಿಗೆ ದಿನವೂ ಬೀಳುತ್ತದೆ. ಮರಾಠಿ ಪತ್ರಿಕೆಗಳ ರಾಜಕೀಯ ಸುದ್ದಿಯಲ್ಲಿ ‘ಶಹ–ಕಾಟಶಹ’ ಎಂದು ಓದುತ್ತೇವಲ್ಲ, ಆ ‘ಶಹ’ವೇ ಇಂಗ್ಲಿಷಿನ ಚೆಕ್. ಸಂಕಟವನ್ನು ಗೆದ್ದರು ಎನ್ನಲು ‘ಸಂಕಟಾವರ್ ಮಾತ್ ಕೇಲಿ’ ಎನ್ನುತ್ತಾರಲ್ಲ, ಆ ‘ಮಾತ್’ ಚೆಕ್‌ಮೇಟಿನ ಬಾಲ. ನಮ್ಮ ‘ಮಾತು’ ಬೇರೆ, ಅದು ಅಪ್ಪಟ ದ್ರಾವಿಡ ಪದ. ‘ಬಾದಶಹ’, ವಿಜಯಪುರದ ‘ಆದಿಲ್‌ಶಾಹಿ’ ಇವುಗಳಲ್ಲಿ ಇರುವವನು ಇದೇ ಶಾಹ್. ‘ಶಹಬ್ಬಾಸ್’ನಲ್ಲಿ ಮಾತ್ರ ರಾಜನಿಲ್ಲ. ಅದು ‘ಶಾದ್ ಬಾಶ್’, ಸಂತೋಷವಾಗಿರು ಎಂಬ ಹರಕೆ.

ಈಗ ಅರ್ಥಕ್ಕೆ ಬರೋಣ. ಶಹ ಬಿದ್ದ ಮೇಲೆ ಆಟಗಾರ ತನ್ನಿಷ್ಟದ ನಡೆ ನಡೆಸುವಂತಿಲ್ಲ. ರಾಜನನ್ನು ಸರಿಸಬೇಕು, ಇಲ್ಲವೇ ಅಡ್ಡ ಕಾಯಿ ಇಡಬೇಕು, ಇಲ್ಲವೇ ಮೇಲೆ ಬಿದ್ದ ಕಾಯನ್ನು ಹೊಡೆಯಬೇಕು. ಹೀಗಾಗಿ ಚೆಕ್ ಎಂದರೆ ‘ತಡೆ’ ಎಂದಾಯಿತು. ಕನ್ನಡದಲ್ಲಿ ನಾವು ಬಹಳವಾಗಿ ಮರೆತಿರುವುದು ಈ ಅರ್ಥವನ್ನೇ. ನಮಗೆ ‘ಚೆಕ್ ಮಾಡು’ ಎಂದರೆ ನೋಡು, ಅಷ್ಟೇ. ಅದರಿಂದಲೇ ಅನುವಾದಗಳು ಎಡವುತ್ತವೆ. ಚೆಕ್ ಡ್ಯಾಂ ‘ತಪಾಸಣಾ ಅಣೆಕಟ್ಟು’ ಅಲ್ಲ, ಹರಿವ ನೀರನ್ನು ತಡೆದು ಇಂಗಿಸುವ ಒಡ್ಡು. ಸಂವಿಧಾನದ ಚರ್ಚೆಯಲ್ಲಿ ಬರುವ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಎಂದರೆ ಪರಿಶೀಲನೆ ಅಲ್ಲ, ಒಂದು ಅಧಿಕಾರಕ್ಕೆ ಇನ್ನೊಂದರ ತಡೆ. ಪಂಪಿನ ಪೈಪಿಗೆ ಹಾಕುವ ಚೆಕ್ ವಾಲ್ವ್ ನೀರನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಹಿಂದಕ್ಕೆ ಬರುವುದನ್ನು ತಡೆಯುತ್ತದೆ. ಅದರ ಮೈಮೇಲಿನ ಬಾಣದ ಗುರುತು ನೋಡದೆ ತಿರುಗಿಸಿ ಕೂರಿಸಿದರೆ ಮೋಟಾರು ಓಡುತ್ತದೆ, ಟ್ಯಾಂಕಿಗೆ ನೀರು ಏರುವುದಿಲ್ಲ. ಒಂದು ನಟ್ಟು ಸಡಿಲವಾಗದಂತೆ ಅದರ ಮೇಲೆ ಬಿಗಿಯುವ ಇನ್ನೊಂದು ನಟ್ಟಿಗೆ ಮೆಕ್ಯಾನಿಕರು ‘ಚೆಕ್ ನಟ್’ ಅನ್ನುವುದೂ ಇದೇ ಅರ್ಥದಲ್ಲಿ.

ತಡೆದು ನಿಲ್ಲಿಸಿದ ಮೇಲೆ ನೋಡುವುದು ಸಹಜ. ಚೆಕ್ ಪೋಸ್ಟಿನಲ್ಲಿ ಎರಡೂ ಅರ್ಥ ಒಟ್ಟಿಗೇ ಇವೆ. ನೋಡಿದ್ದಕ್ಕೆ ಹಾಕುವ ಗುರುತಿಗೂ ಅಮೆರಿಕದವರು ಚೆಕ್ ಎಂದೇ ಹೇಳುತ್ತಾರೆ. ಅವರ ಅರ್ಜಿಯಲ್ಲಿ ‘ಚೆಕ್ ದ ಬಾಕ್ಸ್’ ಎಂದಿದ್ದರೆ ಪರೀಕ್ಷಿಸಬೇಕಿಲ್ಲ, ರೈಟ್ ಮಾರ್ಕು ಹಾಕಬೇಕು.

ಬಟ್ಟೆಯ ಚೆಕ್ಸ್ ಬಂದದ್ದು ಮಣೆಯ ಮನೆಗಳಿಂದ. ನಮ್ಮ ‘ಚೌಕ’, ‘ಚೌಕುಳಿ’ಗಳ ಜೊತೆ ಅದಕ್ಕೆ ರಕ್ತಸಂಬಂಧವಿಲ್ಲ. ಅವು ನಾಲ್ಕು ಎಂಬ ಸಂಸ್ಕೃತ ಮೂಲದಿಂದ ಬಂದವು.

ಇನ್ನು ಬ್ಯಾಂಕಿನ ಚೆಕ್ಕು. 12ನೆಯ ಶತಮಾನದ ಇಂಗ್ಲೆಂಡಿನ ಅರಮನೆಯಲ್ಲಿ ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜಿಗೆ ಗೆರೆ ಎಳೆದ ಬಟ್ಟೆ ಹೊದಿಸಿ, ಬಿಲ್ಲೆಗಳನ್ನು ಸರಿಸುತ್ತ ಕಂದಾಯದ ಲೆಕ್ಕ ಮಾಡುತ್ತಿದ್ದರು. ನೋಟಕ್ಕೆ ಚದುರಂಗದ ಮಣೆಯಂತಿದ್ದುದರಿಂದ ಆ ಖಜಾನೆಗೆ ‘ಎಕ್ಸ್‌ಚೆಕರ್’ ಎಂಬ ಹೆಸರು ಬಂತು. ಬ್ರಿಟನ್ನಿನ ಹಣಕಾಸು ಸಚಿವರ ಪದವಿಯಲ್ಲಿ ಅದು ಇಂದಿಗೂ ಇದೆ. ಚೆಕ್ಕಿನ ಕೊನೆಗೆ ಕ್ಯೂ, ಯು, ಇ ಅಂಟಿಕೊಂಡದ್ದು ಆ ಖಜಾನೆಯ ಪ್ರಭಾವದಿಂದ. ಅಮೆರಿಕದವರು ಈಗಲೂ ಸಿ, ಕೆ ಎಂದೇ ಬರೆಯುತ್ತಾರೆ. ಎರಡೂ ಒಂದೇ ಪದ.

ಚೆಕ್ಕು ಬರೆದ ತಾರೀಕಿನಿಂದ ಮೂರು ತಿಂಗಳು ಮಾತ್ರ ನಡೆಯುತ್ತದೆ. ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯಿ’ ಎಂದು ಬರೆದರೆ ಹಣ ಆ ಹೆಸರಿನವರ ಖಾತೆಗೇ ಹೋಗುತ್ತದೆ. ಅಂಕಿಗೂ ಅಕ್ಷರಕ್ಕೂ ಮೊತ್ತ ಬೇರೆಯಾದರೆ ಚೆಕ್ಕು ಮುಂತಾದವುಗಳ ಕುರಿತ 1881ರ ಕಾಯ್ದೆಯ ಪ್ರಕಾರ ಅಕ್ಷರದ್ದೇ ನಿಜ. ಆದರೂ ಅಂಥ ಚೆಕ್ಕು ವಾಪಸಾಗುವುದುಂಟು. ಹೆಸರು, ಮೊತ್ತ ತಪ್ಪಿದರೆ ತಿದ್ದಬೇಡಿ, ಹೊಸ ಹಾಳೆ ಬಳಸಿ. ಕೆಳಗಿನ ಬಿಳಿ ಪಟ್ಟಿಯಲ್ಲಿ ಮೊದಲು ಆರು ಅಂಕಿಯ ಚೆಕ್ ಸಂಖ್ಯೆ, ಅನಂತರ ಊರು, ಬ್ಯಾಂಕು, ಶಾಖೆಗಳನ್ನು ಗುರುತಿಸುವ ಒಂಬತ್ತು ಅಂಕಿಯ ಕೋಡು. ಕೋಡಿನ ಆರಂಭದಲ್ಲಿ 400 ಇದ್ದರೆ ಮುಂಬಯಿ, 411 ಇದ್ದರೆ ಪುಣೆ. ನಮ್ಮ ಪಿನ್‌ಕೋಡಿನ ಮೊದಲ ಮೂರು ಅಂಕಿಗಳೂ ಅವೇ.

ಚೆಕ್ಕು ಹರಿಯುವ ಮುನ್ನ ತಾರೀಕು, ಹೆಸರು, ಮೊತ್ತ ಮೂರನ್ನೂ ಪುಸ್ತಕದಲ್ಲೇ ಉಳಿಯುವ ತುಂಡಿನಲ್ಲಿ, ಅದಿಲ್ಲದಿದ್ದರೆ ಪುಸ್ತಕದಲ್ಲಿರುವ ಪಟ್ಟಿಯಲ್ಲಿ ಬರೆದಿಡಿ. 18ನೆಯ ಶತಮಾನದ ಆರಂಭದಲ್ಲಿ ‘ಚೆಕ್’ ಎಂಬ ಹೆಸರಿದ್ದದ್ದು ಆ ತುಂಡಿಗೇ. ಹಣ ಕೊಡಿ ಎಂದು ಬರೆದ ಚೀಟಿಗೆ, ಅಂದರೆ ಹುಂಡಿಗೆ, ಮೋಸದ ನಕಲು ಬಂದರೆ ಅದರೊಡನೆ ತಾಳೆ ನೋಡಿ ತಡೆಯುತ್ತಿದ್ದರು.

ನಮಸ್ಕಾರ.